ತೆರೆದು ತೋರಿಸಿ

ಕೋಚ್ ಮೇಡಂ ಅವರಿಗೆ ನಮಸ್ಕಾರ.

ನಾಳೆ ನಿಮ್ಮಲ್ಲಿಗೆ ಮೊದಲ ಸಲ ಗುರಿ ಹೊಡೆಯಲು ಬರುವ ಹದಿನೈದರ ಹುಡುಗಿ ನನ್ನ ಮಗಳು. ಬಂದೂಕಿನ ಸದ್ದು ತಡೆಯಲು ಕಿವಿಗೆ ಹಾಕುವುದನ್ನು ನೀವೇ ಕೊಡುತ್ತೀರಂತೆ. ಅದು ಬಿಗಿಯಾಗಿ ಕೂರಲಿ. ಗಾಳಿಗೆ ಬಾಗಿಲು ಬಡಿದರೂ ಬೆಚ್ಚಿಬೀಳುತ್ತಾಳೆ. ನಾನು ಬೇಡವೆಂದೆ. "ಹೆದರ್ಕೊಂಡೇ ಎಷ್ಟು ದಿನ ಇರ್ಲಿ, ಅಮ್ಮಾ?" ಎಂದಳು. ಒಪ್ಪಿಕೊಂಡೆ.

ಗುರಿಗೆ ಢಬ್ಬೆಂದು ಒಡೆಯುವ ಬಲೂನು ಬೇಡ. ಬಣ್ಣದ ಕಾಗದದ ದೊಡ್ಡ ಗುರಿಯನ್ನು ಹತ್ತಿರದಲ್ಲೇ ಇಡಿ, ಒಂದಾದರೂ ತಾಗಲಿ. ತಪ್ಪಿದರೆ ಏನಾದರೂ ತಮಾಷೆ ಮಾಡಿ ನಗಿಸಿ. ಅವಳು ನಗುವುದನ್ನೇ ಮರೆತಿದ್ದಾಳೆ.

ಬಂದೂಕು ಕೊಡುವ ಮುಂಚೆ ಖಾಲಿ ಇದೆಯೆಂದು ಬಾಯಲ್ಲಿ ಮಾತ್ರ ಹೇಳಬೇಡಿ. ತೆರೆದು ತೋರಿಸಿ, ಅವಳೇ ಬಗ್ಗಿ ನೋಡಲಿ. ಎಷ್ಟು ಹೊತ್ತಾದರೂ ಅವಸರ ಮಾಡಬೇಡಿ. ಎರಡು ವರ್ಷದ ಕೆಳಗೆ ನಮ್ಮ ಮನೆಯಲ್ಲಿ ಕಾವಲು ಕೆಲಸದ ಬಂದೂಕನ್ನು ಒರೆಸುವಾಗ, "ಖಾಲಿ ಇದೆ, ಹಿಡ್ಕೊಳೋ" ಎಂದೇ ಅದನ್ನು ಅವಳಣ್ಣನ ಕೈಗೆ ಕೊಟ್ಟದ್ದು. ಅವನು ಉಳಿಯಲಿಲ್ಲ. ಅವಳು ಪಕ್ಕದಲ್ಲೇ ಇದ್ದಳು.

ನಾಳೆ ಅವಳನ್ನು ಬಿಡಲು ಅವಳಪ್ಪ ಬರುತ್ತಾರೆ. ಗೇಟಿನ ಹೊರಗೇ ನಿಲ್ಲುತ್ತಾರೆ. ದಯವಿಟ್ಟು ಅವರನ್ನು ಒಳಗೆ ಕರೆಯಬೇಡಿ. ಅಂದು ಖಾಲಿ ಇದೆ ಎಂದವರು ಅವರೇ.

ಬಿಸಿಲು ಜೋರಿದ್ದರೆ ಅಲ್ಲೇ ನೆರಳಲ್ಲಿ ಅವರಿಗೊಂದು ಕುರ್ಚಿ ಹಾಕಿಸಿಕೊಡಿ.

ಇಂತಿ,
ಇಬ್ಬರ ತಾಯಿ