ಕಟ್ಟಿಗೆ ನಮ್ಮದು, ಅರಳೆ ನಿಮ್ಮದು

ಪ್ರಾಂತದ ಹತ್ತಿ ಯೋಜನಾ ಕಚೇರಿಯ ಮುಖ್ಯಸ್ಥರಿಗೆ

ಮಾನ್ಯರೇ,

ನನ್ನ ಹೆಂಡತಿ ಅನ್ಬರ್ ಕಳ್ಳಿಯಲ್ಲ. ಹದಿನೈದು ವರ್ಷಗಳಿಂದ ನಿಮ್ಮ ಕಡತದಲ್ಲಿ ಅವಳು 'ಸರ್ಕಾರಿ ಹತ್ತಿ ಕದ್ದವಳು' ಎಂದೇ ಉಳಿದಿದ್ದಾಳೆ. ಅವಳು ತೀರಿಕೊಂಡು ಆರು ವರ್ಷವಾಯಿತು. ಆ ಮಾತು ಹೊಡೆದುಹಾಕಿ ಎಂದು ನಾಲ್ಕು ಬಾರಿ ಅರ್ಜಿ ಕೊಟ್ಟೆ. ನಾಲ್ಕು ಬಾರಿಯೂ 'ಪ್ರಕರಣ ಮುಗಿದಿದೆ' ಎಂಬ ಉತ್ತರ ಬಂತು. ನಿಮಗೆ ಮುಗಿದಿರಬಹುದು, ಸ್ವಾಮಿ. ಈಗ ಪತ್ರಿಕೆಗಳಲ್ಲಿ ಬಾಯಿ ಬಿಡಬಹುದು ಎಂದು ಮೇಲಿನಿಂದಲೇ ಅಪ್ಪಣೆಯಾಗಿದೆಯಂತೆ. ಹಾಗಾಗಿ ಊರೆಲ್ಲ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಖೋರೆಜ್ಮ್ ಸೀಮೆಯ ಒಂದು ಸಾಮೂಹಿಕ ಬೇಸಾಯದ ಹಳ್ಳಿಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ನಮ್ಮಪ್ಪನ ಕಾಲದಲ್ಲಿ ಇಲ್ಲಿ ಕರಬೂಜದ ಬಳ್ಳಿ ಹಬ್ಬುತ್ತಿತ್ತು, ಮನೆಮನೆಗೂ ಜರದಾಳು ಮರವಿತ್ತು. ನಿಮ್ಮ ಯೋಜನೆಯ ಗುರಿ ವರ್ಷವರ್ಷವೂ ಬೆಳೆಯಿತು, ನೆಲ ಮಾತ್ರ ಬೆಳೆಯಲಿಲ್ಲ. ಅದಕ್ಕೆ ಮರ ಕಡಿಸಿದಿರಿ, ಹೊಸ್ತಿಲ ತನಕ ಉಳುಮೆ ಮಾಡಿಸಿದಿರಿ, ಸಾಲದ್ದಕ್ಕೆ ಶಾಲೆಯ ಆಟದ ಬಯಲಿಗೂ ಹತ್ತಿ ಬಿತ್ತಿಸಿದಿರಿ. ನೀರು ಹಾಯಿಸಿ ಹಾಯಿಸಿ ಒಳಗಿದ್ದ ಉಪ್ಪು ಮೇಲೆದ್ದಿತು. ಈಗ ಚಳಿಗಾಲದಲ್ಲಿ ಹೊಲ ಬೆಳ್ಳಗೆ ಕಂಡರೆ ಹಿಮವೋ ಉಪ್ಪೋ ಎಂದು ನೆಕ್ಕಿ ನೋಡಬೇಕು. ಎಲೆ ಉದುರಿಸುವ ಮದ್ದನ್ನು ವಿಮಾನದಿಂದ ಸುರಿದ ಮೂರನೆಯ ದಿನವೇ ಶಾಲೆಗೆ ಬೀಗ ಹಾಕಿ ಮಕ್ಕಳನ್ನು ಹತ್ತಿ ಬಿಡಿಸಲು ಇಳಿಸುತ್ತಿದ್ದೆವು. ತಲೆನೋವು ಎಂದವರಿಗೆ ನಾನು ಮೊಸರು ಕುಡಿಸುತ್ತಿದ್ದೆ. ಆ ಮೊಸರು ಕೊಟ್ಟ ಹಸು ಮೇದದ್ದೂ ಅದೇ ಹೊಲವನ್ನೇ.

ನಮ್ಮಲ್ಲಿ ಮದುಮಗಳು ಗಂಡನ ಮನೆಗೆ ಹತ್ತಿ ತುಂಬಿದ ರಜಾಯಿಗಳನ್ನು ಒಯ್ಯಬೇಕು. ಗೋಡೆಗೆ ಒರಗಿಸಿ ಒಟ್ಟಿದ ಆ ರಾಶಿ ಕುಳ್ಳಗಿದ್ದರೆ ನೆಂಟರು ತಾಯಿಯನ್ನು ಆಡಿಕೊಳ್ಳುತ್ತಾರೆ. ಯಾರ ಮನೆಯ ರಜಾಯಿಗಾದರೂ ಮೊದಲ ಹೊಲಿಗೆ ಹಾಕಲು ಅನ್ಬರ್‌ಳನ್ನೇ ಕರೆಯುತ್ತಿದ್ದರು, ಅವಳ ಕೈಗುಣ ಒಳ್ಳೆಯದೆಂದು. ಆದರೆ ನಮ್ಮ ಮಗಳು ಜುಮ್ರದ್‌ಳ ಮದುವೆ ಗೊತ್ತಾದಾಗ ಇಡೀ ಜಿಲ್ಲೆಯ ಅಂಗಡಿಗಳಲ್ಲಿ ಒಂದು ಹಿಡಿ ಅರಳೆ ಇರಲಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

ಮರಗಳು ಹೋದ ಮೇಲೆ ನಮ್ಮ ಒಲೆಗಳಿಗೆ ಹತ್ತಿಕಟ್ಟಿಗೆಯೇ ಗತಿ. ಕೊಯ್ಲು ಮುಗಿದ ಮೇಲೆ ಮನೆಗಿಷ್ಟು ಎಂದು ಕೊಡುತ್ತಿದ್ದರು. ಅದರಲ್ಲಿ ಅಲ್ಲಲ್ಲಿ ಬಿರಿಯದೆ ಒಣಗಿದ ಕಾಯಿಗಳಿರುತ್ತಿದ್ದವು. ಅನ್ಬರ್ ಎರಡು ಚಳಿಗಾಲ ಒಲೆಯ ಮುಂದೆ ಕೂತು ಅವನ್ನು ಒಂದೊಂದಾಗಿ ಒಡೆದು, ಒಳಗಿನ ಗಿಡ್ಡ ಎಳೆಯನ್ನು ಕಿತ್ತು, ಕೋಲಿನಿಂದ ಬಡಿದು ಹಸನು ಮಾಡಿದಳು. ಬೆರಳ ತುದಿಗಳೆಲ್ಲ ಸೀಳಿಹೋದವು. ಇದು ಬೇಡ, ಯಾರಾದರೂ ಕಂಡರೆ ಕಷ್ಟ ಎಂದೆ.

"ಜುಮ್ರದ್‌ಳ ಅಪ್ಪ, ಒಲೆಗೆ ಹಾಕಿದ್ರೆ ಬೂದಿ, ಮಗಳಿಗೆ ಹೊದಿಸಿದ್ರೆ ಕಳ್ತನಾನಾ? ನಿಮ್ಮ ಭೂಗೋಳದಲ್ಲಿ ಹಂಗೇನಾದ್ರೂ ಬರೆದೈತಾ?" ಎಂದಳು.

ಆ ವರ್ಷ ನಮ್ಮ ಬೇಸಾಯದ ತಂಡದ ಹತ್ತಿ ಯೋಜನೆಯ ಗುರಿಗೆ ಕಡಿಮೆ ಬಿತ್ತು. ಮದುವೆಗೆ ಎರಡು ದಿನವಿದೆ ಎನ್ನುವಾಗ ತಂಡದ ಮೇಸ್ತ್ರಿ ರೂಜ್‌ಮತ್ ಇಬ್ಬರನ್ನು ಕರೆದುಕೊಂಡು ಬಂದ. ನಮ್ಮ ಪಕ್ಕದ ಮನೆಯವನೇ, ಅನ್ಬರ್ ಸುಟ್ಟ ರೊಟ್ಟಿ ತಿಂದು ಬೆಳೆದವನು. ನೆಂಟರೆದುರಿಗೇ ಏಳು ರಜಾಯಿಗಳನ್ನೂ ಇಳಿಸಿ ಕತ್ತರಿ ಹಿಡಿದ.

"ಅಕ್ಕಾ, ಸಿಟ್ಟಾಗಬೇಡ. ನಿಂಗೆ ಕೊಟ್ಟಿದ್ದು ಕಟ್ಟಿಗೆ. ಅದರೊಳಗಿನ ಅರಳೆ ಸರ್ಕಾರದ್ದು."

"ಅರಳೆ ತಗೊಂಡು ಹೋಗಪ್ಪ. ಮೇಲಿನ ರೇಷ್ಮೆ ಮಾತ್ರ ಹರೀಬೇಡ. ಅದು ನನ್ನ ಮದುವೇದು," ಎಂದಳು ಅನ್ಬರ್.

ಅವನು ಹರಿದ. ಜುಮ್ರದ್ ಖಾಲಿ ಹೊದಿಕೆಗಳನ್ನು ಮಡಚಿಕೊಂಡು ಗಂಡನ ಮನೆಗೆ ಹೋದಳು. ಪಾಪ, ಅವಳ ಅತ್ತೆ ಏನೂ ಅನ್ನಲಿಲ್ಲ. ಮರುವಾರ ಹತ್ತಿ ಕಣದಲ್ಲಿ ಸಭೆ ಕರೆದು, ಅನ್ಬರ್‌ಳನ್ನು ನಡುವೆ ನಿಲ್ಲಿಸಿ, ಕಳ್ಳಿ ಎಂದು ತೀರ್ಮಾನ ಮಾಡಿದರು.

ಅದೇ ವರ್ಷಗಳಲ್ಲಿ ದೊಡ್ಡವರು ಮಾಡಿದ್ದೇನೆಂದು ಈಗ ಪತ್ರಿಕೆಗಳೇ ಬರೆಯುತ್ತಿವೆ. ಗಿಡದಲ್ಲಿ ಹುಟ್ಟದ ಹತ್ತಿಯನ್ನು ಕಾಗದದಲ್ಲಿ ಹುಟ್ಟಿಸಿ ಎದೆಗೆ ಪದಕ ಸಿಕ್ಕಿಸಿಕೊಂಡರು. ಇಲ್ಲದ ಹತ್ತಿಯನ್ನು ತೋರಿಸಿದವರು ವೀರರು, ಕಸದಿಂದ ಹತ್ತಿ ಆಯ್ದವಳು ಕಳ್ಳಿ! ನೀವು ಓದಿದವರು, ಇದಕ್ಕೆ ಏನೆನ್ನಬೇಕು ಹೇಳಿ.

ಆಮೇಲೆ ಯಾರೂ ಮೊದಲ ಹೊಲಿಗೆಗೆ ಅವಳನ್ನು ಕರೆಯಲಿಲ್ಲ. ಅವಳೂ ಮದುವೆಮನೆಗಳ ಕಡೆ ತಲೆ ಹಾಕಲಿಲ್ಲ. ಕೊನೆಗೆ ಕಾಮಾಲೆಯಾಗಿ ಹಾಸಿಗೆ ಹಿಡಿದಳು. ನಮ್ಮ ಕಾಲುವೆ ನೀರು ಕುಡಿದವರಲ್ಲಿ ಅದು ಹೊಸತೇನಲ್ಲ. ಸಾಯುವ ಹಿಂದಿನ ದಿನ, ನಾನು ಕಳ್ಳಿ ಅಲ್ಲ ಅಂತ ಯಾರಾದರೂ ಒಂದು ಸಲ ಹೇಳಬೇಕಿತ್ತು ಎಂದಳು. ನಾನಿಲ್ಲವೇ, ನಾನು ಹೇಳುತ್ತೇನಲ್ಲ ಎಂದೆ.

"ನೀವಲ್ಲ," ಎಂದು ಗೋಡೆಯ ಕಡೆ ಹೊರಳಿದಳು.

ನನ್ನ ಬೇಡಿಕೆ ಇಷ್ಟೇ. ಕಡತದಿಂದ ಅವಳ ಹೆಸರು ತೆಗೆಯಿರಿ. ತೆಗೆದ ಆದೇಶವನ್ನು ಅಂಚೆಯಲ್ಲಿ ಕಳಿಸಬೇಡಿ. ಯಾರನ್ನಾದರೂ ಕಳಿಸಿ, ಅದೇ ಕಣದಲ್ಲಿ, ಊರ ಹೆಂಗಸರ ಮುಂದೆ ಗಟ್ಟಿಯಾಗಿ ಓದಿಸಿ. ಜುಮ್ರದ್ ಬಂದು ಕೇಳಿಸಿಕೊಳ್ಳುತ್ತಾಳೆ.

ಕಡತ ತೆರೆದಾಗ ಆ ಸಭೆಯಲ್ಲಿ ಅನ್ಬರ್ ವಿರುದ್ಧ ಕೈ ಎತ್ತಿದವರ ಪಟ್ಟಿ ಸಿಗುತ್ತದೆ. ಅದರಲ್ಲಿ ನನ್ನ ಹೆಸರಿದೆ. ಮೇಷ್ಟ್ರ ಕೆಲಸ ಹೋದೀತೆಂದು ಹೆದರಿ ಎತ್ತಿದೆ. ಎತ್ತಿದ್ದನ್ನು ಅವಳು ನೋಡಿದಳು. ಅವಳ ಹೆಸರು ಹೊಡೆದುಹಾಕಿ. ನನ್ನದು ಅಲ್ಲೇ ಇರಲಿ.

ಇಂತಿ,
ಅನ್ಬರ್‌ಳ ಗಂಡ ಎಂದು ಬರೆದುಕೊಳ್ಳಲು ಮುಖವಿಲ್ಲದ
ಮತ್‌ಕರೀಮ್, ಭೂಗೋಳದ ಮೇಷ್ಟ್ರು