ನಿಮ್ಮಪ್ಪನ ಗಾಡಿಯ ಫೋನು

ಮನೆಯಿಂದ,
ಜುಲೈ ೧೪, ಸೋಮವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಎಣ್ಣೆ ಸಿಡಿದು ಕೈಮೇಲೆ ಬೊಬ್ಬೆ ಎದ್ದಿದೆ ಅಂದಿದ್ದೆಯಲ್ಲ, ವಾಸಿಯಾಯಿತಾ? ಇಡೀ ಹಡಗಿಗೆ ಬೇಯಿಸಿ ಹಾಕಿ ನೀನು ಮಾತ್ರ ನಿಂತುಕೊಂಡೇ ತಿನ್ನುತ್ತೀಯ ಅಂತ ನನಗೆ ಗೊತ್ತು. ಕೂತು ತಿನ್ನು. ನನ್ನ ಸೊಂಟದ ಮೂಳೆ ಕೂಡಿಕೊಂಡಿದೆ ಅನ್ನುತ್ತಾರೆ ಡಾಕ್ಟರು. ಕೂಡಿದ್ದರೆ ನೋವು ಯಾಕೆ ಅಂದರೆ ವಯಸ್ಸು ಅನ್ನುತ್ತಾರೆ. ಹಾಗಾದರೆ ವಯಸ್ಸಿಗೇ ಮಾತ್ರೆ ಕೊಡಿ ಅಂದೆ. ಅವರು ನಕ್ಕರು, ನನಗೆ ನಗು ಬರಲಿಲ್ಲ.

ನೀನು ಫೋನು ಮಾಡಿದಾಗಲೆಲ್ಲ ನಿಮ್ಮಪ್ಪ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕುಕ್ಕರಿಸುತ್ತಾರೆ. ಅವರ ಎದುರಿಗೆ ಆಡುವ ಮಾತಲ್ಲ ಇದು, ಅದಕ್ಕೇ ಕಾಗದ. ಬೇಗ ಶಾಲೆ ಬಿಟ್ಟವಳ ಕೈಬರಹ, ತಪ್ಪಿದ್ದರೆ ತಿದ್ದಿಕೊಂಡು ಓದು. ಈಗ ಅವರು ಗ್ಯಾರೇಜಿಗೆ ಹೋಗಿದ್ದಾರೆ. ಲಾಡ್ಜಿನ ಬೆಡ್‌ಶೀಟುಗಳು ಹಿಂದೆ ಗುಡ್ಡೆ ಬಿದ್ದಿವೆ, ಇಸ್ತ್ರಿ ಬಿಸಿಯಾಗಿದೆ. ಆದರೂ ಮೊದಲು ಇದನ್ನು ಮುಗಿಸುತ್ತೇನೆ.

ನೀನು ಹೊರಡುವ ಮುಂಚೆ ಅಪ್ಪನಿಗೆ ಅಂತ ನಿನ್ನ ಹಳೇ ಫೋನಿನೊಳಗೆ ಊರಿನ ನಕ್ಷೆಯನ್ನೆಲ್ಲ ತುಂಬಿಸಿ, ಸಿಮ್ಮು ಕಿತ್ತು, ಗಾಡಿಯ ಗಾಜಿಗೆ ಕಚ್ಚಿಸಿ ಹೋದೆಯಲ್ಲ, ಅದು ಬಂದಮೇಲೆ ನಿಮ್ಮಪ್ಪನನ್ನು ಹಿಡಿಯುವವರೇ ಇಲ್ಲ. ಮೊದಲಾದರೆ ಪಕ್ಕದಲ್ಲಿ ಕೂತು ಎಡಕ್ಕೆ, ಬಲಕ್ಕೆ, ಅಯ್ಯೋ ದಾಟಿಹೋಯಿತು ಅಂತ ಬಡಕೊಳ್ಳುವುದು ನನ್ನ ಕೆಲಸ. ಇಬ್ಬರೂ ಜಗಳ ಆಡುತ್ತಲೇ ಅಷ್ಟೂ ಲಾಡ್ಜು, ಆಸ್ಪತ್ರೆಗಳ ಬಟ್ಟೆ ಗಂಟು ಇಳಿಸಿ ಬರುತ್ತಿದ್ದೆವು. ನಾನು ಬಿದ್ದು ಹಾಸಿಗೆ ಹಿಡಿದಮೇಲೆ ಆ ಜಾಗಕ್ಕೆ ನಿನ್ನ ಫೋನು ಬಂತು. ಯಾವ ಲಾಡ್ಜು ಮೊದಲು, ಯಾವುದು ಆಮೇಲೆ ಅಂತ ನೀನೇ ಸಾಲಾಗಿ ಕೂರಿಸಿದ್ದೀಯ, ಇವರು ಬರೀ ಒತ್ತಿದರೆ ಸಾಕು. ಒಳಗಿಂದ ಆ ಹೆಂಗಸು "ಮುಂದೆ ಎಡಕ್ಕೆ ತಿರುಗಿ" ಅಂದರೆ ಇವರು "ಆಯ್ತಮ್ಮಾ" ಅನ್ನುತ್ತಾರೆ. ಜೀವಮಾನದಲ್ಲಿ ನನಗೆ ಒಂದು ಸಲವೂ ಹಾಗೆ ಅಂದಿಲ್ಲ. ಸಿಮ್ಮೇ ಇಲ್ಲದೆ ಅದು ಹೇಗೆ ದಾರಿ ಹೇಳುತ್ತೆ ಅಂತ ಪಕ್ಕದ ಟೈಲರು ಕೇಳಿದರೆ, ಬೆರಳು ಮೇಲಕ್ಕೆ ಮಾಡಿ, "ಆಕಾಶದಿಂದ ನೇರವಾಗಿ ನನಗೇ ಬರುತ್ತೆ ಕಣಯ್ಯಾ, ಮಧ್ಯೆ ಯಾರೂ ಇಲ್ಲ. ಎಲ್ಲಾ ಮಗಳು ಮಾಡಿಕೊಟ್ಟಿದ್ದು" ಅಂತ ಜಂಬ ಕೊಚ್ಚಿದರು. ಟೈಲರು "ಅತ್ತಿಗೆಗಿಂತ ಮೆತ್ತಗೆ ಮಾತಾಡ್ತಾಳಲ್ಲಾ" ಅಂದ. ಅವನ ರವಿಕೆ ಬಟ್ಟೆಗೆ ಇಸ್ತ್ರಿ ಹಾಕುವುದನ್ನು ನಿಲ್ಲಿಸಿದ್ದೇನೆ.

ಹೋದ ವಾರ ಸ್ವಲ್ಪ ನಡೆಯುವಂತಾಯಿತು, ನಾನೂ ಬರುತ್ತೇನೆ ಅಂತ ಗಾಡಿ ಹತ್ತಿದೆ. ಇವರ ಮುಖ ಯಾಕೋ ಸಪ್ಪಗಾಯಿತು. ಹೊರಟಮೇಲೆ ನೋಡುತ್ತೇನೆ, ಮುಂದಿನ ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹೋಗುತ್ತಿದ್ದಾರೆ. ಬಸ್ಸು ನಿಂತರೆ ಇವರೂ ನಿಲ್ಲುವುದು, ಅದು ಹೊರಟರೆ ಇವರೂ ಹೊರಡುವುದು. ಆಸ್ಪತ್ರೆ ರಸ್ತೆಯಲ್ಲಿ ಬಸ್ಸು ಬೇರೆ ಕಡೆ ತಿರುಗಿತು. ಫೋನು ನೇರ ಹೋಗಿ ಅಂತು, ಇವರು ಹೋದರು. ಎದುರಿಗೆ ಒಬ್ಬಳು ಮಗು ಎತ್ತಿಕೊಂಡು ರಸ್ತೆ ದಾಟುತ್ತಿದ್ದಳು. ನಾನು ಕಿರುಚಿದಮೇಲೆ ಬ್ರೇಕು ಬಿತ್ತು ಪುಟ್ಟಿ. ಅವಳ ಸೆರಗು ನಮ್ಮ ಗಾಡಿಗೆ ತಾಗಿತು. "ನೋಡಿದ್ದೆ ಕಣೇ, ಯಾಕೆ ಹಾಗೆ ಬಾಯಿ ಮಾಡ್ತೀಯ" ಅಂದರು. ಫೋನು ಮಾತ್ರ ಅದೇ ಮೆತ್ತನೆ ದನಿಯಲ್ಲಿ ನೇರ ಹೋಗಿ, ನೇರ ಹೋಗಿ ಅನ್ನುತ್ತಲೇ ಇತ್ತು. ರಸ್ತೆ ಎಲ್ಲಿದೆ ಅಂತ ಅದಕ್ಕೆ ಗೊತ್ತು. ರಸ್ತೆಯ ಮೇಲೆ ಯಾರಿದ್ದಾರೆ ಅಂತ ಅದಕ್ಕೇನು ಗೊತ್ತು?

ಆಮೇಲೆ ದೊಡ್ಡ ಮೇಲ್ಸೇತುವೆಯ ಕೆಳಗೆ ಬಂದೆವು. ಅಲ್ಲಿ ಆಕಾಶ ಕಾಣುವುದಿಲ್ಲ ನೋಡು, ಫೋನು ಗಪ್‌ಚಿಪ್ಪಾಯಿತು. ಇವರು ಗಾಡಿಯನ್ನು ಪಕ್ಕಕ್ಕೆ ಹಾಕಿ ಸುಮ್ಮನೆ ಕೂತರು. "ಅವಳು ಹೇಳಲಿ, ಆಮೇಲೆ ಹೋಗೋಣ" ಅಂದರು. ಎದುರಿಗೇ ಲಾಡ್ಜು, ಅದರ ನೆತ್ತಿಯ ಮೇಲೆ ಆನೆ ಗಾತ್ರದ ಬೋರ್ಡು. ಬೋರ್ಡು ಕಾಣಿಸ್ತಿಲ್ವಾ ಅಂದೆ. ಬೈಯುತ್ತಾರೆ ಅಂತಿದ್ದೆ. "ಯಾವ ಕಡೆ ಕಣೇ?" ಅಂದರು, ಮಕ್ಕಳು ಕೇಳಿದ ಹಾಗೆ.

ಮೆಕ್ಯಾನಿಕ್ ಬೋಳನನ್ನು ಅಲ್ಲಿಗೇ ಕರೆಸಿ ಗಾಡಿ ಒಯ್ಯಿಸಿದೆ. ಎಂಜಿನ್ನಿನಲ್ಲಿ ಏನೋ ಸದ್ದು ಅಂತ ನಾನೇ ಸುಳ್ಳು ಹುಟ್ಟಿಸಿದೆ. ಇವರನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನರ ಒಣಗಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ಗಾಡಿ ಮುಟ್ಟಲೇಬೇಡಿ ಅಂದರು. ಹೊರಗೆ ಬಂದು ನಿಮ್ಮಪ್ಪ, "ಆ ಡಾಕ್ಟ್ರಿಗೆ ಗೇರು ಹಾಕೋಕೆ ಬರುತ್ತಾ? ಡ್ರೈವಿಂಗ್ ಬಗ್ಗೆ ಅವನಿಗೇನು ಗೊತ್ತು? ಮಗಳ ಫೋನಿದೆ ನನಗೆ" ಅಂದರು. ನಾನು ಬೈದೆ, ಅತ್ತುಬಿಟ್ಟೆ, ತಟ್ಟೆ ಎಸೆದೆ. ನನ್ನ ಮಾತು ಅವರಿಗೆ ಗಾಳಿ. ದಿನಾ ಗ್ಯಾರೇಜಿನ ಮುಂದೆ ಹೋಗಿ ಕೂರುತ್ತಾರೆ. ಬೋಳ ದಿನಾ ಪಾರ್ಟು ಬಂದಿಲ್ಲ ಅನ್ನುತ್ತಾನೆ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಕಿವಿ ಕೆಂಪಗಾಗುತ್ತಂತೆ. ಎಷ್ಟು ದಿನ ತಡೆದಾನು? ಲಾಡ್ಜಿನವರು ತಮ್ಮ ಗಾಡಿಯನ್ನೇ ಕಳಿಸುತ್ತೇವೆ ಅಂದಿದ್ದಾರೆ, ಹೊಟ್ಟೆಪಾಡಿಗೆ ತೊಂದರೆ ಇಲ್ಲ. ನನಗೆ ಸಾಕಾಗಿದೆ ಪುಟ್ಟಿ. ಹೆದರಿ ಹೆದರಿ ಸಾಕಾಗಿದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ಒಳ್ಳೆಯದಕ್ಕೇ ಮಾಡಿದ್ದು. ಸಮುದ್ರ ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ನಿನ್ನ ಜೊತೆಯ ಹುಡುಗಿಯರನ್ನೂ ಕೇಳಿದೆ ಅಂತ ಹೇಳು.

ನಿನ್ನ,
ಅಮ್ಮ

ಮರೆತಿದ್ದೆ: ಗೇಟು ಸದ್ದಾಗುತ್ತಿದೆ, ಬೇಗ ಬರೆಯುತ್ತೇನೆ. ಈ ಕಾಗದ ಕೈಗೆ ಬಂದ ತಕ್ಷಣ ಜೊತೆಯವರ ಫೋನಿಂದ ಅಪ್ಪನಿಗೆ ಫೋನು ಮಾಡು. ನನ್ನ ಫೋನು ನೀರಿಗೆ ಬಿತ್ತು, ಹೊಸದು ಇಲ್ಲಿ ಸಿಗುವುದಿಲ್ಲ, ಆ ಹಳೇದನ್ನೇ ಕಳಿಸಿಕೊಡಪ್ಪಾ ಅನ್ನು. ಕಣ್ಣಿನ ಸುದ್ದಿ ಎತ್ತಲೇಬೇಡ. ಗೊಣಗುತ್ತಾರೆ, ಆದರೆ ನೀನು ಕೇಳಿದ್ದನ್ನು ಇಲ್ಲ ಅನ್ನುವ ಗಂಡಸಲ್ಲ. ತಾವೇ ಗಾಜಿನಿಂದ ಬಿಡಿಸಿ, ಒರೆಸಿ, ಡಬ್ಬಿಗೆ ಹಾಕಿ ಕಳಿಸುತ್ತಾರೆ. ಆಮೇಲೆ ಟೈಲರು, ಬೋಳ, ಸಿಕ್ಕಸಿಕ್ಕವರ ಹತ್ತಿರವೆಲ್ಲ ಮಗಳಿಗೋಸ್ಕರ ಗಾಡಿ ಬಿಟ್ಟೆ ಅಂತ ಹೇಳಿಕೊಂಡು ತಿರುಗಲಿ. ಕಣ್ಣು ಕಾಣದೆ ಬಿಟ್ಟೆ ಅಂತ ಹೇಳುವುದು ಅವರ ಕೈಲಿ ಆಗುವುದಿಲ್ಲ.