ಮಾಸ್ಕಿನೊಳಗಿನ ಬಟ್ಟೆ

ಅಪ್ಪಾ,

ನೀನಿದ್ದಿದ್ದರೆ, ನಾನು ನಿನ್ನ ಬಸ್ ಡಿಪೋದಲ್ಲೇ ಮೆಕ್ಯಾನಿಕ್ ಆದದ್ದಕ್ಕೆ ಮೊದಲು ಬೈದು, ಆಮೇಲೆ ಬೀದಿಗೆಲ್ಲ ಸಾರುತ್ತಿದ್ದೆ.

ಇವತ್ತು ನಮ್ಮ ರಬ್ಬರ್ ಅಂಚಿನ ಮಾಸ್ಕುಗಳು ಮುಖಕ್ಕೆ ಸರಿಯಾಗಿ ಕೂರುತ್ತವೆಯೇ ಎಂಬ ಪರೀಕ್ಷೆಯಿತ್ತು. ಮಾಸ್ಕ್ ಹಾಕಿಸಿ, ತಲೆಯ ಮೇಲೊಂದು ಮುಸುಕು ಇಳಿಬಿಟ್ಟು, ಅದರೊಳಗೆ ಕಹಿ ನೀರು ಸಿಂಪಡಿಸುತ್ತಾರೆ. ನಾಲಿಗೆಗೆ ಕಹಿ ತಗುಲಿದರೆ ಡೀಸೆಲ್ ಹೊಗೆಯ ಮಸಿಯೂ ಒಳಗೆ ಬರುತ್ತದೆಂದೇ ಅರ್ಥ. ನನಗೆ ತಗುಲಲಿಲ್ಲ. ಜಾಣತನ ತೋರಿಸಲು, ಪರೀಕ್ಷೆ ಮಾಡುತ್ತಿದ್ದ ಮೇಡಂಗೆ ನಮ್ಮ ಮನೆಯ ಉಪಾಯ ಹೇಳಿದೆ: "ಒಳಗೊಂದು ಮೆತ್ತನೆ ಬಟ್ಟೆ ಇಟ್ಕೊಂಡ್ರೆ ಮೂಗಿಗೆ ಒತ್ತಲ್ಲ ಮೇಡಂ."

"ಇಟ್ಟು ನೋಡಿ," ಎಂದರು.

ಕರ್ಚೀಫು ಮಡಿಸಿ ಇಟ್ಟೆ. ಒಂದೇ ಉಸಿರಿಗೆ ಗಂಟಲವರೆಗೂ ಕಹಿ.

"ರಬ್ಬರು ಚರ್ಮಕ್ಕೆ ಅಂಟಿ ಕೂರ್ಬೇಕಮ್ಮಾ. ಬಟ್ಟೆ ಇಟ್ರೆ ಸುತ್ತಲೂ ಸಂದಿ. ಯಾರು ಹೇಳ್ಕೊಟ್ರು ಇದನ್ನ?"

ಕರ್ಚೀಫು ತೆಗೆದು ಜೇಬಿಗೆ ತುರುಕಿದೆ.

ಹನ್ನೊಂದು ವರ್ಷದವಳಿದ್ದಾಗ ನಾನೇ ನನ್ನ ಹಳೆಯ ಫ್ರಾಕು ಕತ್ತರಿಸಿ, ಅಂಚು ಹೊಲಿದು, ನಿನ್ನ ಮಾಸ್ಕಿನೊಳಗೆ ಇಡಲು ಕೊಟ್ಟಿದ್ದೆ. "ನನ್ನ ಮಗಳೇ ಇಂಜಿನಿಯರ್ ಕಣ್ರೋ" ಎಂದು ಡಿಪೋದಲ್ಲೆಲ್ಲ ತೋರಿಸಿದೆಯಂತೆ. ನೀನು ಒಂದು ದಿನವೂ ಬಿಡದೆ ಹಾಕಿಕೊಂಡೆ. ನಿನ್ನ ಕೆಮ್ಮು ಹೆಚ್ಚಿದಾಗ ನಾನೇ ಎರಡು ಪದರ ಮಾಡಿಕೊಟ್ಟೆ. ಸಂಜೆ ಒಗೆಯುವಾಗ ನೀರು ಕಪ್ಪಾದಷ್ಟೂ ಹಿಗ್ಗುತ್ತಿದ್ದೆ, ಅಷ್ಟು ಮಸಿ ನಿನ್ನೊಳಗೆ ಹೋಗದೆ ಬಟ್ಟೆಯಲ್ಲೇ ನಿಂತಿತಲ್ಲ ಎಂದು.